ಭೀಮಾತೀರದ ಶೇಂಗಾ, ಸಾವ್ ಪಾವ್ಲೊದ ಧನಸಹಾಯ: ಒಂದು ಸಂಶೋಧನಾ ಟಿಪ್ಪಣಿ

ಕಲಬುರಗಿ ಜಿಲ್ಲೆಯ ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತಿಗೆ ಮಧುಕರಿ ಬೇಡುವ ಪದ್ಧತಿ ಇವತ್ತಿಗೂ ತಪ್ಪಿಲ್ಲ. ದತ್ತ ಮಹಾರಾಜರು ಯಾವುದೋ ಒಂದು ವೇಷದಲ್ಲಿ ಭಿಕ್ಷೆಗೆ ಬಂದೇ ಬರುತ್ತಾರೆಂಬುದು ಊರಿನ ನಂಬಿಕೆ. ಹಾಗಾಗಿ ದೂರದಿಂದ ಬಂದ ಭಕ್ತರೂ ಜೋಳಿಗೆ ಹಿಡಿದು ಮನೆ ಮುಂದೆ ನಿಲ್ಲುತ್ತಾರೆ. ಜೋಳಿಗೆಗೆ ಬೀಳುವುದು ಈ ಸೀಮೆಯ ದಿನದೂಟವೇ: ಜೋಳದ ರೊಟ್ಟಿ, ಬೇಳೆ, ಪಲ್ಯ, ಒಮ್ಮೊಮ್ಮೆ ರೊಟ್ಟಿಯ ಮೇಲಿಷ್ಟು ಶೇಂಗಾ ಹಿಂಡಿ. ಶ್ರೀ ನೃಸಿಂಹ ಸರಸ್ವತಿಗಳು ಭೀಮಾ–ಅಮರಜಾ ಸಂಗಮದಲ್ಲಿ ನೆಲೆಸಿದ ಕಾಲವನ್ನು ಸಂಪ್ರದಾಯವು 15ನೇ ಶತಮಾನಕ್ಕೆ ಹಾಕುತ್ತದೆ. ಕೊಲಂಬಸ್ ಅಟ್ಲಾಂಟಿಕ್ ದಾಟಿದ್ದು 1492ರಲ್ಲಿ. ಎಂದ ಮೇಲೆ ಆ ಗುರುವಿನ ಜೋಳಿಗೆಯಲ್ಲಿ ಜೋಳ, ತೊಗರಿ ಇದ್ದಿರಬಹುದು. ಶೇಂಗಾ, ಮೆಣಸಿನಕಾಯಿ ಇದ್ದಿರಲು ಸಾಧ್ಯವಿಲ್ಲ. ಇವೆರಡೂ ಅಮೆರಿಕ ಖಂಡಗಳ ಬೆಳೆಗಳು, ಆಮೇಲೆ ಬಂದವು. ಶೇಂಗಾ ಪೋರ್ಚುಗೀಸರ ಹಡಗಿನಲ್ಲಿ ಬಂತೋ, ಆಫ್ರಿಕದ ದಾರಿಯಾಗಿಯೋ, ಫಿಲಿಪೀನ್ಸ್ ಕಡೆಯಿಂದಲೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದರ ತವರು ದಕ್ಷಿಣ ಅಮೆರಿಕ ಎಂಬುದರಲ್ಲಿ ಮಾತ್ರ ಯಾವ ತಕರಾರೂ ಇಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಕೃಷಿ ವಿಜ್ಞಾನ, ಸಸ್ಯವಿಜ್ಞಾನ ಓದಿ ಪಿಎಚ್‌.ಡಿ ಮುಗಿಸುವ ಹುಡುಗ ಹುಡುಗಿಯರ ಸಂಖ್ಯೆ ಈಗ ಕಡಿಮೆಯೇನಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವಿದೆ; ಕಲಬುರಗಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮಹಾವಿದ್ಯಾಲಯ ಮತ್ತು ಸಂಶೋಧನಾ ಕೇಂದ್ರ ಇವೆ. ಇವರು ಹೊರದೇಶದ ಧನಸಹಾಯ ಅಂದಕೂಡಲೇ ಜರ್ಮನಿ, ಅಮೆರಿಕ, ಆಸ್ಟ್ರೇಲಿಯಗಳ ಕಡೆ ನೋಡುತ್ತಾರೆ. ದಕ್ಷಿಣ ಅಮೆರಿಕ ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ಸೀಮೆಯ ಸಂಶೋಧಕರು ಅಲ್ಲಿಗೆ ಅರ್ಜಿ ಹಾಕಲು ಗಟ್ಟಿಯಾದ ಕಾರಣವಿದೆ, ಆ ಕಾರಣ ನಮ್ಮ ಹೊಲದಲ್ಲೇ ಇದೆ ಎಂದು ತೋರಿಸುವುದು ಈ ಟಿಪ್ಪಣಿಯ ಉದ್ದೇಶ. ಆದರೆ ಶೇಂಗಾದ ಹೆಸರು ಹೇಳಿದರೆ ಸಾಲದು. ಯಾವ ಪ್ರಶ್ನೆ ಕೇಳಿದರೆ ಅರ್ಜಿ ನಿಲ್ಲುತ್ತದೆ, ಯಾವುದು ಕೇಳಿದರೆ ಬೀಳುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ಬೆಳೆಯ ಹುಟ್ಟಿನ ಸಂಗತಿ. ನಾವು ಬಿತ್ತುವ ಶೇಂಗಾ ಎರಡು ಕಾಡು ಜಾತಿಗಳ ಸಂಕರದಿಂದ ಹುಟ್ಟಿದ್ದು. ಕಾಡು ಜಾತಿಗಳಲ್ಲಿ 20 ವರ್ಣತಂತುಗಳಿದ್ದರೆ ನಮ್ಮದರಲ್ಲಿ 40. ಒಂದು ಪೋಷಕ ಅರಾಕಿಸ್ ಡುರಾನೆನ್ಸಿಸ್, ಇನ್ನೊಂದು ಅರಾಕಿಸ್ ಇಪಾಯೆನ್ಸಿಸ್. ಈ ಎರಡರ ಜೀನೋಮ್ ವಿವರ 2016ರಲ್ಲಿ ಪ್ರಕಟವಾದಾಗ ಎದ್ದು ಕಂಡ ಸಂಗತಿ ಎಂದರೆ, ಇಪಾಯೆನ್ಸಿಸ್‌ನ ಡಿಎನ್‌ಎ ನಮ್ಮ ಶೇಂಗಾದೊಳಗಿನ ಅದರ ಪಾಲಿಗೆ ಶೇ 99.96ರಷ್ಟು ಹೊಂದಿಕೆಯಾಗುತ್ತದೆ. ಆ ಕಾಡು ಗಿಡ ಸಿಕ್ಕಿದ್ದು ದಕ್ಷಿಣ ಬೊಲಿವಿಯದ ಇಪಾ ಎಂಬ ಒಂದೇ ಒಂದು ಜಾಗದಲ್ಲಿ, 1970ರ ದಶಕದಲ್ಲಿ. ಮತ್ತೆ ಎಲ್ಲಿಯೂ ಸಿಕ್ಕಿಲ್ಲ. ಅಂದು ತಂದ ಬೀಜದ ಸಂತತಿ ಬೀಜಭಂಡಾರಗಳಲ್ಲಿ ಉಳಿದಿದೆ. ಅದನ್ನು ಹುಡುಕಿ ತಂದವರಲ್ಲಿ ಮುಖ್ಯರು ಅರ್ಜೆಂಟೀನದ ಅಂತೋನಿಯೊ ಕ್ರಾಪೊವಿಕಾಸ್. ಅವರೂ ಅಮೆರಿಕದ ವಾಲ್ಟನ್ ಗ್ರೆಗರಿಯವರೂ ಸೇರಿ ಬರೆದ ಶೇಂಗಾ ಕುಲದ ವರ್ಗೀಕರಣ ಗ್ರಂಥ 1994ರಲ್ಲಿ ಸ್ಪ್ಯಾನಿಷ್‌ನಲ್ಲಿ ಬಂತು. ಅದರಲ್ಲಿ 69 ಜಾತಿಗಳ ವಿವರಣೆಯಿದೆ. ಬೊಲಿವಿಯ, ಪರಾಗ್ವೆ, ಉತ್ತರ ಅರ್ಜೆಂಟೀನ, ಉರುಗ್ವೆ ಮತ್ತು ಬ್ರೆಜಿಲ್ ಬಿಟ್ಟರೆ ಈ ಕುಲದ ಕಾಡು ಗಿಡ ಜಗತ್ತಿನ ಬೇರೆಲ್ಲಿಯೂ ತಾನಾಗಿ ಬೆಳೆಯುವುದಿಲ್ಲ.

ಈ ದೂರದ ಕಾಡು ಗಿಡಗಳಿಗೂ ಕರ್ನಾಟಕದ ಹೊಲಕ್ಕೂ ನೇರ ಸಂಬಂಧವಿದೆ. ಶೇಂಗಾ ಬೆಳೆದವರಿಗೆಲ್ಲ ಎರಡು ರೋಗಗಳು ಗೊತ್ತು: ಎಲೆಯ ತಳಕ್ಕೆ ಕಿತ್ತಳೆ ಬಣ್ಣದ ಪುಡಿ ಹತ್ತುವ ತುಕ್ಕು ರೋಗ, ಕಪ್ಪು ಚುಕ್ಕೆ ಬಿದ್ದು ಎಲೆ ಉದುರುವ ಟಿಕ್ಕಾ ರೋಗ. ಎರಡೂ ಕೂಡಿ ಬಂದರೆ ಅರ್ಧಕ್ಕರ್ಧ ಇಳುವರಿ ಹೋಗಬಹುದು. ಹೊಟ್ಟು ದನಕ್ಕೂ ಬಾರದಂತೆ ಕೆಡುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿ ಈ ಎರಡನ್ನೂ ತಡೆಯುತ್ತದೆ. ಆ ತಾಳಿಕೆಯ ಮೂಲ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡು ಜಾತಿ. ಅದರಲ್ಲೂ ಬೊಲಿವಿಯದಿಂದ ತಂದ, ಜಿಕೆಪಿ 10017 ಎಂದು ದಾಖಲಾದ ಒಂದೇ ಒಂದು ಸಂಗ್ರಹ. 1960ರ ದಶಕದಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಅದನ್ನು ಬೆಳೆ ಶೇಂಗಾದ ಜತೆ ಸಂಕರ ಮಾಡುವ ಕೆಲಸ ಶುರುವಾಯಿತು. ಆ ಸಾಲುಗಳ ಬೀಜ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ಗೆ ಬಂತು. ಅಲ್ಲಿಂದ ಸಾಗಿದ ರಕ್ತ ಧಾರವಾಡದ ತಳಿಗೆ ಇಳಿಯಿತು. ಆಮೇಲೆ ಧಾರವಾಡದಲ್ಲಿ ಜಿಪಿಬಿಡಿ-4 ಮತ್ತು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ಟಿಎಜಿ-24 ತಳಿಗಳನ್ನು ಕೂಡಿಸಿ ಬೆಳೆಸಿದ ಸಂತತಿಯಲ್ಲೇ ತುಕ್ಕು ತಾಳಿಕೆಯ ಜೀನ್ ಭಾಗ ಯಾವ ವರ್ಣತಂತುವಿನ ಮೇಲೆ ಕೂತಿದೆ ಎಂದು ಗುರುತಿಸಿದರು. ರೋಗದ ಏರಿಳಿತದಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಆ ಒಂದೇ ಭಾಗದಿಂದ ಎಂದು ಲೆಕ್ಕ ಬಂತು. ಅದನ್ನೇ ಹಿಡಿದು ಜೆಎಲ್-24ರಂಥ ಹಳೆಯ, ರೈತರು ಬಿಡಲೊಲ್ಲದ ತಳಿಗಳಿಗೆ ತಾಳಿಕೆ ತುಂಬಿದರು. 2021ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು, ಆ ಒಂದೇ ಕಾಡು ಸಂಗ್ರಹದ ವಂಶ ಆಫ್ರಿಕ, ಏಷ್ಯ, ಆಸ್ಟ್ರೇಲಿಯ, ಅಮೆರಿಕಗಳ ತಳಿಗಳಲ್ಲಿ ಎಷ್ಟು ದೂರ ಹಬ್ಬಿದೆ ಎಂದು ಬಿಡಿಸಿ ತೋರಿಸಿದೆ.

ಇಷ್ಟು ಓದಿದ ಯಾವ ತರುಣ ಸಂಶೋಧಕನಿಗೂ ಮೊದಲು ಹೊಳೆಯುವ ಪ್ರಶ್ನೆ ಇದು: ಬೊಲಿವಿಯ ಇಲ್ಲವೇ ಬ್ರೆಜಿಲ್‌ನ ಮತ್ತೊಂದು ಕಾಡು ಜಾತಿಯಿಂದ ಬರಗಾಲ ತಾಳುವ ಗುಣವನ್ನು ಕಲಬುರಗಿಯ ಶೇಂಗಾಕ್ಕೆ ತರಬಾರದೇಕೆ? ಪ್ರಶ್ನೆ ಒಳ್ಳೆಯದು. ಧನಸಹಾಯದ ಅರ್ಜಿಯಾಗಿ ಮಾತ್ರ ಅದು ನಿಲ್ಲುವುದು ಕಷ್ಟ. ಕಾರಣ ಕಾನೂನಿನಲ್ಲಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1960ರ ದಶಕದಲ್ಲಿ ಬೀಜ ದೇಶದಿಂದ ದೇಶಕ್ಕೆ ಸಲೀಸಾಗಿ ಹೋಗುತ್ತಿತ್ತು. ಜೀವವೈವಿಧ್ಯ ಒಪ್ಪಂದ 1993ರಲ್ಲಿ ಜಾರಿಗೆ ಬಂದ ಮೇಲೆ, ಒಂದು ದೇಶದ ಗಿಡಗಂಟಿಯ ಮೇಲೆ ಆ ದೇಶಕ್ಕೇ ಸಾರ್ವಭೌಮ ಹಕ್ಕು ಎಂದಾಯಿತು. ಆಹಾರ ಬೆಳೆಗಳಿಗೆ ಇದರಿಂದ ತೊಂದರೆ ಆಗಬಾರದೆಂದು 2001ರಲ್ಲಿ ಇನ್ನೊಂದು ಅಂತಾರಾಷ್ಟ್ರೀಯ ಒಪ್ಪಂದ ಬಂತು, 2004ರಲ್ಲಿ ಜಾರಿಯಾಯಿತು. ಅದರ ಮೊದಲ ಅನುಬಂಧದಲ್ಲಿ 64 ಬೆಳೆಗಳ ಪಟ್ಟಿಯಿದೆ. ಪಟ್ಟಿಯಲ್ಲಿರುವ ಬೆಳೆಯ ಬೀಜವನ್ನು ಸಂಶೋಧನೆಗೆ ಒಂದೇ ಮಾದರಿಯ ಕರಾರು ಪತ್ರದ ಮೇಲೆ ಪಡೆಯಬಹುದು. ಕಲಬುರಗಿ ಜಿಲ್ಲೆಯ ಹೊಲ ಕಣ್ಣ ಮುಂದಿಟ್ಟುಕೊಂಡು ಆ ಪಟ್ಟಿ ಓದಿದರೆ ಜೋಳ ಇದೆ, ತೊಗರಿ ಇದೆ, ಕಡಲೆ ಇದೆ, ಸೂರ್ಯಕಾಂತಿಯೂ ಇದೆ. ಶೇಂಗಾ ಇಲ್ಲ. ಕಬ್ಬೂ ಇಲ್ಲ. ನಮ್ಮ ತೊಗರಿಯನ್ನು ಬೇರೆಯವರು ಸುಲಭವಾಗಿ ಪಡೆಯಬಹುದು. ಅವರ ಶೇಂಗಾವನ್ನು ಪಡೆಯಲು ನಾವು ಒಂದೊಂದು ದೇಶದ ಜತೆಗೂ ಬೇರೆ ಬೇರೆ ಮಾತುಕತೆ ನಡೆಸಬೇಕು. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿಬೇಳೆಯ ನಾಡು ಈ ಅಸಮಾನತೆಯನ್ನು ಗಮನಿಸಬೇಕಿತ್ತು. ನಮ್ಮ ಕೃಷಿ ಬರಹಗಳಲ್ಲಿ ಇದರ ಮಾತು ಬರುವುದೇ ಅಪರೂಪ. ಇಕ್ರಿಸ್ಯಾಟ್ ಭಂಡಾರದಲ್ಲಿ ಮೊದಲೇ ಇರುವ ಶೇಂಗಾ ಸಂಗ್ರಹ ಇದಕ್ಕೆ ಹೊರತು. ಅದು 2006ರ ಪ್ರತ್ಯೇಕ ಒಡಂಬಡಿಕೆಯಡಿ ಸಂಶೋಧಕರಿಗೆ ತೆರೆದಿದೆ. ಹಾಗಿರುವಾಗ ಕಾಡು ಜಾತಿಯ ಬೀಜವೇ ಬೇಕು ಎನ್ನುವವನು ಹೋಗಬೇಕಾದ್ದು ಪಟಾನ್‌ಚೆರುವಿಗೆ. ಅದು ಗಾಣಗಾಪುರ ರೋಡ್ ನಿಲ್ದಾಣದಿಂದ ಒಂದು ದಿನದೊಳಗಿನ ಪಯಣ. ಅರ್ಜಿ ಪರಿಶೀಲಿಸುವವರು ಇದನ್ನು ಕೇಳದೆ ಬಿಡುವುದಿಲ್ಲ.

ಬ್ರೆಜಿಲ್‌ನ ಒಳಗಿನ ಕಾನೂನು ಇನ್ನೂ ಬಿಗಿ. 2015ರ 13,123ನೇ ಕಾಯ್ದೆಯ ಪ್ರಕಾರ ಆ ದೇಶದ ಜೀನ್ ಸಂಪತ್ತಿನ ಮೇಲೆ ವಿದೇಶಿ ವ್ಯಕ್ತಿ ತಾನೊಬ್ಬನೇ ಸಂಶೋಧನೆ ಮಾಡುವಂತಿಲ್ಲ. ಬ್ರೆಜಿಲ್‌ನ ಸಂಸ್ಥೆಯೊಂದು ಯೋಜನೆಯನ್ನು ಸಿಸ್‌ಜೆನ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಹೊರಗಿನವನು ಆ ತಂಡದ ಸದಸ್ಯನಾಗಿ ಕೆಲಸ ಮಾಡಬಹುದು. ಈ ಕಡೆಯೂ ಅಷ್ಟೆ. 2002ರ ನಮ್ಮ ಜೀವವೈವಿಧ್ಯ ಕಾಯ್ದೆ ಇಲ್ಲಿನ ಬೀಜವನ್ನಾಗಲಿ, ಅದರ ಮೇಲಿನ ಸಂಶೋಧನೆಯ ಫಲಿತಾಂಶವನ್ನಾಗಲಿ ವಿದೇಶಿ ಸಂಸ್ಥೆಗೆ ಕೊಡುವ ಮುನ್ನ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಕೇಳುತ್ತದೆ. ಸರ್ಕಾರದ ಮಾರ್ಗಸೂಚಿಗೆ ಒಳಪಟ್ಟ ಜಂಟಿ ಸಂಶೋಧನೆಗೆ ಮಾತ್ರ ರಿಯಾಯಿತಿ. ಅಲ್ಲಿಂದ ಬರುವಾಗ ನಾಲ್ಕು ಕಾಳು ಚೀಲದಲ್ಲಿಟ್ಟು ತರುತ್ತೇನೆ ಎನ್ನುವಂತಿಲ್ಲ. ಸಂಶೋಧನೆಯ ಬೀಜ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಪರವಾನಗಿ ಪಡೆದು, ರೋಗ ತಪಾಸಣೆ ಮುಗಿಸಿಯೇ ಒಳಬರಬೇಕು. ಒಬ್ಬ ಪಿಎಚ್‌.ಡಿ ಪದವೀಧರ ಎರಡು ವರ್ಷದ ಫೆಲೋಶಿಪ್‌ನಲ್ಲಿ ಇದನ್ನೆಲ್ಲ ಮುಗಿಸಿ, ಮೇಲೆ ತಳಿಯನ್ನೂ ಮಾಡುತ್ತೇನೆಂದು ಬರೆದರೆ ಓದುವವರು ನಂಬುವುದಿಲ್ಲ. ನಂಬಬಾರದು ಕೂಡ.

ಕಬ್ಬಿನ ನಡುವಿನ ಬಿಡುವಿನಲ್ಲಿ ಶೇಂಗಾ ಬೆಳೆಯುವುದು ಹೇಗೆ ಎಂಬ ಎರಡನೆಯ ಪ್ರಶ್ನೆ ನೋಡಲು ಸಾದಾ. ನನ್ನ ತೀರ್ಮಾನದಲ್ಲಿ ಅರ್ಜಿಗೆ ತಕ್ಕದ್ದು ಅದೇ.

ಬ್ರೆಜಿಲ್‌ನಲ್ಲಿ ಬೆಳೆಯುವ ಶೇಂಗಾದ ಬಹುಪಾಲು ಸಾವ್ ಪಾವ್ಲೊ ರಾಜ್ಯದ್ದು. ಅದೇ ರಾಜ್ಯ ಆ ದೇಶದ ಕಬ್ಬಿನ ಕಣಜ. ಇದು ಕಾಕತಾಳೀಯ ಅಲ್ಲ. ಅಲ್ಲಿ ಒಮ್ಮೆ ನೆಟ್ಟ ಕಬ್ಬನ್ನು ಸುಮಾರು ಐದು ಕಟಾವಿನವರೆಗೆ ಕೂಳೆ ಬಿಟ್ಟು, ಇಳುವರಿ ಇಳಿದ ಮೇಲೆ ಬುಡ ಕಿತ್ತು ಹೊಸದಾಗಿ ನೆಡುತ್ತಾರೆ. ಹೀಗೆ ಪ್ರತಿ ವರ್ಷ ಕಬ್ಬಿನ ನೆಲದ ಒಂದು ಪಾಲು ಖಾಲಿಯಾಗುತ್ತದೆ. ಹಳೆ ಕಬ್ಬು ಕಿತ್ತು ಹೊಸ ಕಬ್ಬು ನೆಡುವ ನಡುವಿನ ಮಳೆಗಾಲದಲ್ಲಿ, ಅಂದರೆ ಅಕ್ಟೋಬರ್‌–ನವೆಂಬರ್‌ನಲ್ಲಿ ಬಿತ್ತಿ ಫೆಬ್ರುವರಿ–ಮಾರ್ಚ್‌ನಲ್ಲಿ ಕೀಳುವ ಬೆಳೆಯಾಗಿ ಶೇಂಗಾ ನಿಂತಿದೆ. ಮಣ್ಣಿಗೆ ಸಾರಜನಕ ಸೇರುತ್ತದೆ, ಕಬ್ಬಿನ ಸತತ ಬೇಸಾಯದಿಂದ ಹೆಚ್ಚಿದ ಕೀಟ ರೋಗಗಳಿಗೆ ಒಂದು ತಡೆ ಬೀಳುತ್ತದೆ, ನೆಡುವ ಖರ್ಚಿನ ಒಂದಂಶ ಶೇಂಗಾ ಮಾರಾಟದಿಂದ ಹುಟ್ಟುತ್ತದೆ. ಶೇಂಗಾ ಬೆಳೆಯುವವರು ಅನೇಕ ಸಲ ಕಬ್ಬಿನ ಯಜಮಾನರಿಂದ ಆ ಒಂದು ಹಂಗಾಮಿಗೆ ನೆಲ ಗುತ್ತಿಗೆ ಹಿಡಿದವರು. ಕಂಪಿನಾಸ್ ನಗರದಲ್ಲಿ 1887ರಲ್ಲಿ ಚಕ್ರವರ್ತಿ ಎರಡನೇ ಪೆದ್ರೊ ಸ್ಥಾಪಿಸಿದ ಕೃಷಿ ಸಂಶೋಧನಾ ಸಂಸ್ಥೆ ಇದೆ. ನೆಲದ ಮೇಲೆ ಹಬ್ಬುವ, ಯಂತ್ರದಿಂದ ಕೀಳಲು ಬರುವ ರನ್ನರ್ ಐಎಸಿ 886 ಅಂಥ ತಳಿಗಳನ್ನು ಕೊಟ್ಟದ್ದು ಅದೇ ಸಂಸ್ಥೆ. ಜಬೊಚಿಕಬಾಲ್ ಸುತ್ತಿನ ಸೀಮೆ ಈ ಕಬ್ಬು–ಶೇಂಗಾ ಜೋಡಿಗೆ ಹೆಸರಾದದ್ದು. ರಾಜ್ಯ ವಿಶ್ವವಿದ್ಯಾಲಯದ ಕೃಷಿ ವಿಭಾಗವೊಂದೂ ಅಲ್ಲೇ ಇದೆ.

ಈಗ ಭೀಮಾತೀರಕ್ಕೆ ಬನ್ನಿ. ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ, ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಸೊನ್ನ ಬ್ಯಾರೇಜು, ಅಮರಜಾ ಜಲಾಶಯ, ಹೊಳೆದಂಡೆಯ ಪಂಪ್‌ಸೆಟ್ಟು, ಬೋರ್‌ವೆಲ್ಲು ಇವುಗಳ ನೀರಿನ ಮೇಲೆ ಕಬ್ಬು ಹಬ್ಬಿದೆ. ಇಲ್ಲಿಯೂ ಕೂಳೆ ಬಿಡುತ್ತಾರೆ, ಇಲ್ಲಿಯೂ ಒಂದು ದಿನ ಬುಡ ಕೀಳಲೇಬೇಕು. ನಡುವಿನ ತಿಂಗಳುಗಳಲ್ಲಿ ನೆಲ ಏನಾಗುತ್ತದೆ? ಬಿತ್ತುತ್ತಾರೋ, ಬೀಳು ಬಿಡುತ್ತಾರೋ, ಬಿತ್ತಿದರೆ ಯಾವುದನ್ನು? ಈ ಪ್ರಶ್ನೆಗೆ ಹಳ್ಳಿವಾರು ಉತ್ತರ ಇಟ್ಟುಕೊಂಡ ಸಂಶೋಧಕ ಕಂಪಿನಾಸ್‌ನ ವಿಜ್ಞಾನಿಗೆ ಬರೆದರೆ, ಆ ಪತ್ರಕ್ಕೆ ತೂಕ ಬರುತ್ತದೆ.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ಹೇಳುವುದು ಇನ್ನೂ ಮುಖ್ಯ. ಮೊದಲನೆಯದು ಮಣ್ಣು. ಸಾವ್ ಪಾವ್ಲೊದ ಶೇಂಗಾ ನೆಲ ಹೆಚ್ಚಾಗಿ ಮರಳು ಕೂಡಿದ ಸಡಿಲ ಕೆಂಪು ಮಣ್ಣು. ಭೀಮೆಯ ದಂಡೆಯದು ಆಳವಾದ ಎರೆ. ಶೇಂಗಾದ ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆ ಇಳಿದು ಮಣ್ಣು ಹೊಕ್ಕು, ಅಲ್ಲಿ ಕಾಯಿ ಕಟ್ಟಬೇಕು. ಎರೆ ಒಣಗಿ ಗಟ್ಟಿಯಾದರೆ ಆ ಎಳೆ ಒಳಗಿಳಿಯುವುದಿಲ್ಲ. ಇಳಿದು ಕಾಯಾದರೂ ಕೀಳುವಾಗ ಗಿಡ ಕೈಗೆ ಬಂದು ಕಾಯಿ ನೆಲದಲ್ಲೇ ಉಳಿಯುತ್ತದೆ. ಅದಕ್ಕೇ ಕೀಳುವ ಮುನ್ನ ಒಂದು ನೀರು ಹಾಯಿಸಿ ನೆಲ ಹದ ಮಾಡಿಕೊಳ್ಳುತ್ತಾರೆ. ಹಿಂದಿನವರು ಶೇಂಗಾವನ್ನು ಮಡ್ಡಿ, ಮಸಾರಿ ನೆಲಕ್ಕೆ ಹಾಕಿ ಎರೆಯನ್ನು ಜೋಳಕ್ಕೆ ಬಿಟ್ಟದ್ದರ ಹಿಂದೆ ಈ ತಿಳಿವಳಿಕೆ ಇದೆ. ಎರಡನೆಯದು ನೀರು. ಅಲ್ಲಿ ಕಬ್ಬಿನ ನಡುವಿನ ಬಿಡುವು ಮಳೆಗಾಲದಲ್ಲಿ ಬರುತ್ತದೆ. ಇಲ್ಲಿ ಕಬ್ಬು ಕಡಿಯುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಬಿಡುವು ಬೀಳುವುದು ಬೇಸಿಗೆಯಲ್ಲಿ. ಬೇಸಿಗೆ ಶೇಂಗಾಕ್ಕೆ ನೀರು ಬೇಕು, ಆ ಹೊತ್ತಿಗೆ ಭೀಮೆ ಸಂಗಮದ ಹತ್ತಿರವೇ ಬತ್ತಿ, ಮೇಲಿನ ಉಜ್ಜನಿ ಜಲಾಶಯದಿಂದ ನೀರು ಬಿಟ್ಟಾರೆಂದು ಕಾಯುವ ಸ್ಥಿತಿ. ಹಾಗಾದರೆ ಬುಡ ಕಿತ್ತ ನೆಲವನ್ನು ಮುಂಗಾರಿನವರೆಗೆ ಕಾಯಿಸಿ, ಜೂನ್‌ನಲ್ಲಿ ಶೇಂಗಾ ಬಿತ್ತಿ, ಅಕ್ಟೋಬರ್‌–ನವೆಂಬರ್‌ನಲ್ಲಿ ಕಬ್ಬು ನೆಡುವುದು ಲಾಭವೇ? ಕಾಯಿಸಿದ ತಿಂಗಳುಗಳ ನಷ್ಟ ಎಷ್ಟು? ಎರೆಯಲ್ಲೇ ಕಾಯಿ ಬಿಡುವ, ಬುಡದ ಸುತ್ತಲೇ ಗೊಂಚಲು ಕಟ್ಟುವ ತಳಿ ಇದಕ್ಕೆ ಹೊಂದುತ್ತದೆಯೇ? ಗುತ್ತಿಗೆಯ ಕರಾರು ಅಲ್ಲಿಯಂತೆ ಇಲ್ಲಿ ನಡೆದೀತೇ? ಇವು ಕೇಳತಕ್ಕ ಪ್ರಶ್ನೆಗಳು. ಯಾವ ದೇಶದ ಬೀಜವೂ ಗಡಿ ದಾಟಬೇಕಿಲ್ಲ. ದಾಟಬೇಕಾದ್ದು ಮನುಷ್ಯನೂ ಅವನ ಲೆಕ್ಕದ ಪುಸ್ತಕವೂ. ಆ ಲೆಕ್ಕವನ್ನು ಜಂಟಿ ಯೋಜನೆಯ ಚೌಕಟ್ಟಿನೊಳಗೇ ಒಯ್ದರೆ ಪ್ರಾಧಿಕಾರದ ತಕರಾರೂ ಬರದು.

ಧನಸಹಾಯದ ಮೂಲ ಯಾವುದು ಎಂಬುದು ಇಲ್ಲಿಂದ ತಾನಾಗಿ ತೀರ್ಮಾನವಾಗುತ್ತದೆ. ಅರ್ಜೆಂಟೀನದ ಕೊರ್ದೊಬಾ ಪ್ರಾಂತ್ಯವೂ ಶೇಂಗಾಕ್ಕೆ ದೊಡ್ಡ ಹೆಸರು, ಅಲ್ಲಿನ ಮನ್‌ಫ್ರೇದಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಳ್ಳೆಯ ಸಂಗ್ರಹವೂ ಇದೆ. ಆದರೆ 1958ರಲ್ಲಿ ನೊಬೆಲ್ ವಿಜ್ಞಾನಿ ಬರ್ನಾರ್ದೊ ಹೌಸ್ಸೆ ಮುಂದಾಳತ್ವದಲ್ಲಿ ಹುಟ್ಟಿದ, ಆ ದೇಶದ ಸಂಶೋಧನೆಗೆ ಹಣ ಕೊಡುವ ಕೊನಿಸೆಟ್ ಸಂಸ್ಥೆ ಈಚಿನ ವರ್ಷಗಳಲ್ಲಿ ಅನುದಾನ ಕಡಿತದಿಂದ ನಲುಗಿದೆ. ಕಬ್ಬಿನ ಪ್ರಶ್ನೆಯೂ ಅಲ್ಲಿ ಹೊಂದದು. ಚಿಲಿಯ ಫೊಂಡೆಸಿಟ್ ಫೆಲೋಶಿಪ್‌ಗೆ ವಿದೇಶೀಯರೂ ಅರ್ಜಿ ಹಾಕಬಹುದು, ವಿಷಯ ಬೇರೆಯಾಗಿದ್ದರೆ ಅದು ಒಳ್ಳೆಯ ದಾರಿ. ಶೇಂಗಾಕ್ಕೆ ಸಾವ್ ಪಾವ್ಲೊ ರಾಜ್ಯದ ಸಂಶೋಧನಾ ನಿಧಿ ಫಪೆಸ್ಪ್ ಸರಿಯಾದ ಬಾಗಿಲು. ಅದರ ಹುಟ್ಟು ಗಮನಿಸತಕ್ಕದ್ದು. 1947ರ ರಾಜ್ಯ ಸಂವಿಧಾನದಲ್ಲೇ ತೆರಿಗೆ ಆದಾಯದ ಶೇ 0.5ರಷ್ಟು ಸಂಶೋಧನೆಗೆ ಎಂದು ಬರೆದರು. ನಿಧಿ ಕೆಲಸ ಶುರು ಮಾಡಿದ್ದು 1962ರಲ್ಲಿ. 1989ರ ಸಂವಿಧಾನ ಆ ಪಾಲನ್ನು ಶೇ 1ಕ್ಕೆ ಏರಿಸಿತು. ಸರ್ಕಾರ ಬದಲಾದರೂ ಪಾಲು ತಪ್ಪುವುದಿಲ್ಲ. ಒಂದು ರಾಜ್ಯ ತನ್ನ ಸಂವಿಧಾನದಲ್ಲಿ ಸಂಶೋಧನೆಗೆ ಹೀಗೆ ಜಾಗ ಕೊಟ್ಟದ್ದನ್ನು ಓದುವಾಗ, ಕರ್ನಾಟಕದಲ್ಲಿ ಇಂಥದ್ದೊಂದು ಏಕೆ ಆಗಬಾರದು ಎಂದು ಮನಸ್ಸು ಕೇಳುತ್ತದೆ.

ಫಪೆಸ್ಪ್‌ನ ಪಿಎಚ್‌.ಡಿ ನಂತರದ ಫೆಲೋಶಿಪ್ ಯಾವ ದೇಶದವರಿಗೂ ತೆರೆದಿದೆ. ಪದವಿ ಪಡೆದು ಏಳು ವರ್ಷ ದಾಟಿರಬಾರದು. ನಮ್ಮವರು ಎಡವುವ ಜಾಗ ಒಂದಿದೆ. ಇಲ್ಲಿ ಅರ್ಜಿಯನ್ನು ಅಭ್ಯರ್ಥಿ ತಾನೇ ಹಾಕುವುದಿಲ್ಲ. ಸಾವ್ ಪಾವ್ಲೊದ ಸಂಸ್ಥೆಯೊಂದರ ವಿಜ್ಞಾನಿ ಮಾರ್ಗದರ್ಶಕನಾಗಿ ನಿಂತು, ನಿಧಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಸಲ್ಲಿಸಬೇಕು. ಹಾಗಾಗಿ ಪ್ರಕಟಣೆಯ ಕೊನೆಯ ದಿನಾಂಕ ನೋಡಿ ಓಡುವುದರಲ್ಲಿ ಅರ್ಥವಿಲ್ಲ. ಮೊದಲು ಮಾರ್ಗದರ್ಶಕ, ಆಮೇಲೆ ಅರ್ಜಿ. ದೊಡ್ಡ ಯೋಜನೆಗಳ ಒಳಗೆ ಖಾಲಿಯಿರುವ ಫೆಲೋಶಿಪ್‌ಗಳಿಗೆ ಬಹಿರಂಗ ಆಯ್ಕೆಯೂ ನಡೆಯುತ್ತದೆ. ಮಾರ್ಗದರ್ಶಕರಿಗೆ ಬರೆಯುವ ಮೊದಲ ಪತ್ರ ಒಂದು ಪುಟ ಮೀರಬಾರದು. ತನ್ನ ಬಗ್ಗೆ ನಾಲ್ಕು ಸಾಲು, ಭೀಮಾತೀರದ ಕಬ್ಬು–ಶೇಂಗಾ ಲೆಕ್ಕ ಹತ್ತು ಸಾಲು, ಅವರ ಯಾವ ಪ್ರಬಂಧ ಓದಿ ಈ ಪ್ರಶ್ನೆ ಎದ್ದಿತು ಎಂಬುದು ನಾಲ್ಕು ಸಾಲು. ಎಲ್ಲರಿಗೂ ಒಂದೇ ಪತ್ರ ಕಳಿಸುವ ಅಭ್ಯಾಸ ಬಿಡಬೇಕು. ಅದನ್ನು ಪಡೆದವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಸಂಶೋಧನಾ ಪ್ರಸ್ತಾವಕ್ಕೆ 20 ಪುಟದ ಮಿತಿಯಿದೆ, ಇಂಗ್ಲಿಷ್‌ನಲ್ಲೂ ಬರೆಯಬಹುದು. ಈ ಪುಟಗಳಲ್ಲಿ ಹೆಚ್ಚು ಜಾಗ ಸಲ್ಲಬೇಕಾದ್ದು ವಿಧಾನಕ್ಕೆ. ನಮ್ಮ ಪ್ರಬಂಧಗಳಲ್ಲಿ ಪೂರ್ವಸಾಹಿತ್ಯದ ಪರಿಚಯ ಅರ್ಧ ತಿಂದುಬಿಡುತ್ತದೆ. ಪರಿಶೀಲಕರು ಆ ಕ್ಷೇತ್ರದವರೇ ಆದ್ದರಿಂದ ಅವರಿಗೆ ಅದು ಬೇಡ. ಈ ಕೆಲಸ ಸಾವ್ ಪಾವ್ಲೊದಲ್ಲೇ ಏಕೆ ಆಗಬೇಕು ಎಂಬುದಕ್ಕೆ ಉತ್ತರ ಮೊದಲ ಪುಟದಲ್ಲೇ ಸಿಗಬೇಕು. ಹಂಗಾಮಿನ ಪಟ್ಟಿ ಈ ಅರ್ಜಿಯ ದೊಡ್ಡ ಬಲ. ದಕ್ಷಿಣ ಗೋಳಾರ್ಧದ ಬಿತ್ತನೆ ನಮ್ಮ ಹಿಂಗಾರಿನ ಹೊತ್ತಿಗೆ ಬರುವುದರಿಂದ, ಹೊರಡುವ ಹಿಂದಿನ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಫಜಲಪುರದಲ್ಲಿ ತೆಗೆದ ಮುಂಗಾರಿನ ಲೆಕ್ಕವನ್ನೂ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ತೆಗೆಯುವ ಲೆಕ್ಕವನ್ನೂ ಒಂದರ ಬೆನ್ನಿಗೆ ಒಂದು ಜೋಡಿಸಬಹುದು. ಆಗಸ್ಟ್‌ನಲ್ಲಿ ಹೋಗಿ ಇಳಿಯುವ ಹಾಗೆ ಯೋಜಿಸಿದರೆ ಬಿತ್ತನೆಗೆ ಮುಂಚೆ ಭಾಷೆ, ಹೊಲ, ಜನ ಪರಿಚಯವಾಗಲು ಸಮಯ ಸಿಗುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಒಂದು ಹಂಗಾಮು ಕೈ ತಪ್ಪಿದಂತೆಯೇ. ಫೆಲೋಶಿಪ್‌ನ ಜತೆ ಸಂಶೋಧನೆಯ ಖರ್ಚಿಗೆಂದು ಅದರ ಶೇ 10ರಷ್ಟು ಪ್ರತ್ಯೇಕ ಹಣ ಬರುತ್ತದೆ. ಮಣ್ಣು ಪರೀಕ್ಷೆ, ಹಳ್ಳಿ ಸುತ್ತಾಟಕ್ಕೆ ಅದನ್ನು ಹೇಗೆ ಬಳಸುವಿರಿ ಎಂದು ಬರೆದಿರಬೇಕು.

ಭಾಷೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬಾರದು. ಪ್ರಯೋಗಾಲಯದಲ್ಲಿ ಇಂಗ್ಲಿಷ್ ನಡೆದೀತು. ಗುತ್ತಿಗೆ ಹಿಡಿದ ಶೇಂಗಾ ರೈತನ ಜತೆ ಪೋರ್ಚುಗೀಸ್ ಬೇಕು. ಕ್ರಾಪೊವಿಕಾಸ್ ಗ್ರಂಥದ ಇಂಗ್ಲಿಷ್ ಅನುವಾದ 2007ರಲ್ಲಿ ಬಂದಿದೆ, ಆದರೆ ಕಂಪಿನಾಸ್‌ನ ರೈತರಿಗಾಗಿ ಬರೆದ ಕೈಪಿಡಿಗಳು ಪೋರ್ಚುಗೀಸ್‌ನಲ್ಲೇ ಇವೆ. ಅರ್ಜಿ ಹಾಕುವ ವರ್ಷವೇ ಕಲಿಕೆ ಶುರುವಾಗಬೇಕು.

ಕಾಗದಪತ್ರಗಳಿಗೆ ಬಂದರೆ, ಹಿಂದಿಗಿಂತ ಈಗ ಸುಲಭ. ಭಾರತ 2005ರಲ್ಲಿ, ಬ್ರೆಜಿಲ್ 2016ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಬಂದ ಮೇಲೆ ಪದವಿ ಪ್ರಮಾಣಪತ್ರಕ್ಕೆ ರಾಜ್ಯದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಒಂದು ಮುದ್ರೆ ಬಿದ್ದರೆ ರಾಯಭಾರ ಕಚೇರಿಯ ಮುಂದೆ ಮತ್ತೆ ನಿಲ್ಲಬೇಕಿಲ್ಲ. ಆದರೆ ಅಲ್ಲಿನ ಕಚೇರಿಗಳು ಕೇಳುವ ಅನುವಾದವನ್ನು ಬ್ರೆಜಿಲ್‌ನಲ್ಲಿ ನೋಂದಾಯಿತ ಪ್ರಮಾಣಿತ ಅನುವಾದಕರೇ ಮಾಡಬೇಕು, ಇಲ್ಲಿ ಮಾಡಿಸಿದ್ದು ನಡೆಯುವುದಿಲ್ಲ. ಸಂಶೋಧಕರಿಗೆ ಸಿಗುವ ತಾತ್ಕಾಲಿಕ ವೀಸಾ ಹಿಡಿದು ಹೋದವರು 90 ದಿನದೊಳಗೆ ಅಲ್ಲಿನ ಫೆಡರಲ್ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು. ಬ್ಯಾಂಕ್ ಖಾತೆ, ಬಾಡಿಗೆ ಮನೆ ಎಲ್ಲಕ್ಕೂ ಸಿಪಿಎಫ್ ಎಂಬ ತೆರಿಗೆ ಸಂಖ್ಯೆ ಬೇಕು. ಹಳದಿ ಜ್ವರದ ಲಸಿಕೆಯನ್ನು ಮಾತ್ರ ಮರೆಯಲೇಬಾರದು. ಬ್ರೆಜಿಲ್‌ನಿಂದ ಬರುವವರಲ್ಲಿ ಆ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲೆ ಪತ್ರಕ್ಕೆ ಮಾನ್ಯತೆ. 2016ರಿಂದ ಅದು ಜೀವಮಾನಕ್ಕೆ ಸಲ್ಲುತ್ತದೆ. ಲಸಿಕೆ ಬೆಂಗಳೂರು, ಹೈದರಾಬಾದ್, ಮುಂಬೈಯಂಥ ನಗರಗಳ ನಿಗದಿತ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಮುಂಚಿತವಾಗಿ ದಿನ ಗೊತ್ತು ಮಾಡಿಕೊಂಡೇ ಹೋಗಬೇಕು.

ಇಷ್ಟೂ ಅಭ್ಯರ್ಥಿಯ ಪಾಲಿನ ಕೆಲಸ. ಅರ್ಜಿಗೆ ಬೇಕಾದ ಮೂಲ ಬಂಡವಾಳ ಅಂದರೆ ಭೀಮಾತೀರದ ಕಬ್ಬಿನ ನಡುವಿನ ಬಿಡುವಿನ ಲೆಕ್ಕ. ಅದನ್ನು ಒಬ್ಬ ವಿದ್ಯಾರ್ಥಿ ತನ್ನ ಖರ್ಚಿನಲ್ಲಿ ಎಲ್ಲ ಹಳ್ಳಿಗೂ ತಿರುಗಿ ಕೂಡಿಸುವುದು ಆಗದ ಮಾತು. ಸಂವಿಧಾನದ 371ಜೆ ವಿಧಿಯ ನಂತರ ಈ ಭಾಗದ ಅಭಿವೃದ್ಧಿಗೆಂದೇ ಮಂಡಳಿಯೊಂದಿದೆ, ಈಗ ಅದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎಂದು ಹೆಸರು. ರಸ್ತೆ, ಕಟ್ಟಡಗಳಿಗೆ ಹಣ ಕೊಡುವ ಆ ಮಂಡಳಿ, ಪಿಎಚ್‌.ಡಿ ಮುಗಿಸಿದ ಈ ಭಾಗದ ಕೆಲವರಿಗೆ ಒಂದು ವರ್ಷದ ಪೂರ್ವಸಿದ್ಧತಾ ವೇತನ ಕೊಟ್ಟು, ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆಯಲ್ಲಿ ಹೊಲದ ದಾಖಲೆ ಮಾಡಿಸಬೇಕು. ವಿಶ್ವವಿದ್ಯಾಲಯಗಳು ಜಂಟಿ ಸಂಶೋಧನೆಯ ಒಪ್ಪಂದ, ಜೀವವೈವಿಧ್ಯ ಪ್ರಾಧಿಕಾರದ ಪತ್ರವ್ಯವಹಾರ, ಅಪೊಸ್ಟಿಲ್ ಇವಕ್ಕೆ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಬೇಕು. ಅರ್ಜಿ ಹಾಕುವ ಮನಸ್ಸಿರುವವರಿಗೆ ನನ್ನ ವಿನಂತಿ ಇಷ್ಟೇ: ಮಂಡಳಿ, ವಿಶ್ವವಿದ್ಯಾಲಯಗಳಿಗಾಗಿ ಕಾಯಬೇಡಿ. ಬರುವ ಕಬ್ಬಿನ ಹಂಗಾಮಿನಲ್ಲಿ ನಿಮ್ಮ ಊರಿನ ಯಾವ ಸರ್ವೆ ನಂಬರಿನಲ್ಲಿ ಕಬ್ಬಿನ ಬುಡ ಕಿತ್ತರು, ಯಾವ ತಿಂಗಳು, ಯಾವ ಮಣ್ಣು, ನೀರು ಎಲ್ಲಿಯದು, ಆಮೇಲೆ ಏನು ಬಿತ್ತಿದರು ಎಂದು ಬರೆದಿಡಲು ಶುರು ಮಾಡಿ.